ಕಪ್ಪು ವೈರಿನಲ್ಲಿ ಕರೆಂಟ್ ಇದೆಯಾ?

ಈ ಕಂತಿನಲ್ಲಿ ಮನೆ ಗೋಡೆಯೊಳಗಿರೋ ವೈರುಗಳ ಬಣ್ಣದ ಬಗ್ಗೆ ಮಾತಾಡೋಣ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಸ್ವಿಚ್‌ಬೋರ್ಡ್ ಬಿಚ್ಚಿದ್ದನ್ನು ನೋಡಿದವರಿಗೆ ಈ ಲೆಕ್ಕ ಗೊತ್ತು: ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್. ಅದೇ ಕಣ್ಣಿಟ್ಟುಕೊಂಡು ಅಮೆರಿಕದಲ್ಲೋ ಕೆನಡಾದಲ್ಲೋ ಒಂದು ಸ್ವಿಚ್ ಬಿಚ್ಚಿದರೆ ಸಾಮಾನ್ಯವಾಗಿ ಕಾಣೋದು ಕಪ್ಪು, ಬಿಳಿ, ಜೊತೆಗೆ ಹೊದಿಕೆಯಿಲ್ಲದ ಬರೀ ತಾಮ್ರದ ತಂತಿ. ಅಲ್ಲಿ ಕಪ್ಪೇ ಫೇಸ್! ಬಿಳಿ ನ್ಯೂಟ್ರಲ್, ಬರೀ ತಾಮ್ರ ಅರ್ಥಿಂಗ್. ಊರಲ್ಲಿ "ಇದೇನೂ ಮಾಡಲ್ಲ" ಅಂತ ಕಲಿತ ಬಣ್ಣವೇ ಅಲ್ಲಿ ಶಾಕ್ ಹೊಡೆಯುತ್ತೆ. ಎಲೆಕ್ಟ್ರಾನಿಕ್ಸ್ ಹವ್ಯಾಸ ಇರೋರಿಗೆ ಈ ಅಪಾಯ ಇನ್ನೂ ಹೆಚ್ಚು. ಕಾರಿನ ಬ್ಯಾಟರಿಯಿಂದ ಹಿಡಿದು ಮಲ್ಟಿಮೀಟರಿನ ತನಕ ಅವರಿಗೆ ಕಪ್ಪು ಅಂದ್ರೆ ನೆಗೆಟಿವ್, ಅಂದ್ರೆ ಸಾಧು ಬಣ್ಣ.

ಬಣ್ಣಕ್ಕೆ ಹೋಗೋ ಮೊದಲು ಈ ಮೂರು ತಂತಿಗಳ ಕೆಲಸ ನೋಡಿಬಿಡೋಣ. ಭಾರತದಲ್ಲಿ ಫೇಸ್ ತಂತಿಯ ವೋಲ್ಟೇಜ್ ಸೆಕೆಂಡಿಗೆ 50 ಸಲ ಏರಿಳಿಯುತ್ತೆ. 230 ವೋಲ್ಟ್ ಅನ್ನೋದು ಒಂದು ಬಗೆಯ ಸರಾಸರಿ, ತುದಿಯಲ್ಲಿ ಅದು ಸುಮಾರು 325 ವೋಲ್ಟ್ ಮುಟ್ಟುತ್ತೆ. ನ್ಯೂಟ್ರಲ್ ಕರೆಂಟ್ ವಾಪಸ್ ಹೋಗೋ ದಾರಿ. ಅದನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ನೆಲಕ್ಕೆ ಜೋಡಿಸಿರ್ತಾರೆ. ಅರ್ಥಿಂಗ್‌ನಲ್ಲಿ ಮಾಮೂಲಿಯಾಗಿ ಏನೂ ಹರಿಯಲ್ಲ. ಏನಾದರೂ ಕೆಟ್ಟಾಗ ಮಾತ್ರ ಅದಕ್ಕೆ ಕೆಲಸ.

ಈಗ ಯಾರೋ ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲು ಮಾಡಿದರು ಅಂತಿಟ್ಕೊಳ್ಳಿ. ಬಲ್ಬು ಉರಿಯುತ್ತೆ, ಫ್ಯಾನು ತಿರುಗುತ್ತೆ, ಯಾರಿಗೂ ಅನುಮಾನ ಬರಲ್ಲ. ಆದರೆ ಸ್ವಿಚ್ ಈಗ ನ್ಯೂಟ್ರಲ್ ತಂತಿಯ ಮೇಲಿದೆ. ಆಫ್ ಮಾಡಿ ಬಲ್ಬ್ ಬದಲಿಸೋಕೆ ಹೋದರೂ ಹೋಲ್ಡರಿನಲ್ಲಿ ಫೇಸ್ ಹಾಗೇ ಕೂತಿರುತ್ತೆ. ಬಣ್ಣದ ನಿಯಮ ಇರೋದೇ ಇದಕ್ಕೆ. ಉಪಕರಣ ಸರಿಯಾಗಿ ಓಡ್ತಾ ಇದೆ ಅನ್ನೋದರಿಂದ ವೈರಿಂಗ್ ಸರಿಯಿದೆ ಅಂತ ತಿಳಿಯಲ್ಲ.

ಫೇಸ್ ಮತ್ತು ಅರ್ಥಿಂಗ್ ಅದಲು ಬದಲಾದರೆ ಇನ್ನೂ ಘೋರ. 1960ರ ದಶಕದ ಮಧ್ಯದವರೆಗೆ ಜರ್ಮನಿಯಲ್ಲಿ ಕಪ್ಪು ಫೇಸ್, ಬೂದು ನ್ಯೂಟ್ರಲ್, ಕೆಂಪು ಅರ್ಥಿಂಗ್ ಆಗಿತ್ತು. ಹೌದು, ಕೆಂಪು! ಅದೇ ಕಾಲದಲ್ಲಿ ಬ್ರಿಟನ್ನಿನಲ್ಲಿ ಕೆಂಪು ಅಂದ್ರೆ ಫೇಸ್. ಜರ್ಮನಿಯ ಹಳೆಯ ಇಸ್ತ್ರಿಪೆಟ್ಟಿಗೆಗೆ ಬ್ರಿಟಿಷ್ ಪ್ಲಗ್ ಹಾಕೋನು ಬಣ್ಣ ನಂಬಿ ಕೆಂಪನ್ನು ಫೇಸ್‌ಗೆ ಸೇರಿಸಿದರೆ, ಪೆಟ್ಟಿಗೆಯ ಲೋಹದ ಮೈಯೇ ಲೈವ್ ಆಗಿಬಿಡುತ್ತೆ.

ಯುರೋಪಿನ ದೇಶಗಳು ಸೇರಿ ಕಂದು, ನೀಲಿ, ಹಸಿರು-ಹಳದಿ ಪಟ್ಟೆ ಅನ್ನೋ ಹೊಸ ಒಪ್ಪಂದಕ್ಕೆ ಬಂದಿದ್ದು ಇಂಥ ಗೋಜಲಿನ ಹಿನ್ನೆಲೆಯಲ್ಲಿ. ಅರ್ಥಿಂಗ್‌ಗೆ ಎರಡು ಬಣ್ಣದ ಪಟ್ಟೆ ಕೊಟ್ಟಿದ್ದು ನಮಗೆ ಬಹಳ ಜಾಣತನ ಅನಿಸುತ್ತೆ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8 ಶೇಕಡಾ ಮಂದಿಗೆ ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ಕಾಣಲ್ಲ. ಬಣ್ಣ ಗೊತ್ತಾಗದಿದ್ದರೂ ಪಟ್ಟೆ ಗೊತ್ತಾಗುತ್ತಲ್ಲ! ಈಗ ಊರಲ್ಲಿ ಕೊಂಡ ಗ್ರೈಂಡರಿನ ಮೂರೆಳೆಯ ವೈರಿನೊಳಗೂ ಸಾಮಾನ್ಯವಾಗಿ ಇದೇ ಬಣ್ಣಗಳು. ಗೋಡೆಯಲ್ಲಿ ಕೆಂಪು-ಕಪ್ಪು-ಹಸಿರು, ಗ್ರೈಂಡರಿನಲ್ಲಿ ಕಂದು-ನೀಲಿ-ಪಟ್ಟೆ. ಒಂದೇ ಅಡುಗೆಮನೆಯಲ್ಲಿ ಎರಡು ಭಾಷೆ.

ಬ್ರಿಟನ್ನಿನಲ್ಲಿರೋ ಕೇಳುಗರು ಮುಂದಿನದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಅಲ್ಲಿ ಉಪಕರಣಗಳ ವೈರು 1970ರ ಸುಮಾರಿಗೇ ಬದಲಾದರೂ ಗೋಡೆಯೊಳಗಿನ ವೈರಿಂಗ್ ಹಳೇ ಬಣ್ಣದಲ್ಲೇ ಮುಂದುವರೀತು. 2004ರಲ್ಲಿ ಹೊಸ ಬಣ್ಣಕ್ಕೆ ಅನುಮತಿ ಸಿಕ್ಕಿತು, 2006ರ ಏಪ್ರಿಲ್‌ನಿಂದ ಹೊಸ ಕೆಲಸಕ್ಕೆ ಅದೇ ಕಡ್ಡಾಯ. ತಂಟೆ ಇರೋದು ಮೂರು-ಫೇಸಿನಲ್ಲಿ. ಮೊದಲು ಕೆಂಪು, ಹಳದಿ, ನೀಲಿ ಫೇಸ್‌ಗಳು, ಕಪ್ಪು ನ್ಯೂಟ್ರಲ್. ಈಗ ಕಂದು, ಕಪ್ಪು, ಬೂದು ಫೇಸ್‌ಗಳು, ನೀಲಿ ನ್ಯೂಟ್ರಲ್. ಅಂದ್ರೆ ಕಪ್ಪು ಮತ್ತು ನೀಲಿ ತಮ್ಮ ಪಾತ್ರವನ್ನೇ ಬದಲಾಯಿಸಿಕೊಂಡವು. ಹಾಗಾಗಿ ಹಳೇ ವೈರಿಂಗ್‌ಗೆ ಹೊಸದು ಸೇರಿದ ಕಟ್ಟಡದಲ್ಲಿ, ಇಲ್ಲಿ ಎರಡೂ ಕಾಲದ ಬಣ್ಣಗಳಿವೆ ಅಂತ ಬೋರ್ಡಿನ ಹತ್ತಿರ ಎಚ್ಚರಿಕೆ ಚೀಟಿ ಅಂಟಿಸಬೇಕು ಅಂತ ನಿಯಮ ಬಂತು.

ಭಾರತಕ್ಕೆ ಕೆಂಪು-ಹಳದಿ-ನೀಲಿ ಬಂದಿದ್ದು ಬ್ರಿಟಿಷರ ಹಳೇ ಪದ್ಧತಿಯಿಂದಲೇ. ಲೈನ್‌ಮನ್‌ಗಳ ಬಾಯಲ್ಲಿ ಅದು ಆರ್, ವೈ, ಬಿ ಫೇಸ್. ತೋಟದ ಬೋರ್‌ವೆಲ್ ಸ್ಟಾರ್ಟರಿಗೆ ಬಂದ ನೀಲಿ ವೈರು ಬಿ ಫೇಸ್, ಇನ್ನೊಂದು ಫೇಸ್ ಜೊತೆ ಅಳೆದರೆ 400 ವೋಲ್ಟ್ ಆಸುಪಾಸು. ಜರ್ಮನಿಯಲ್ಲಿ ಇವತ್ತು ಅದೇ ನೀಲಿ ನ್ಯೂಟ್ರಲ್. ಆಸ್ಟ್ರೇಲಿಯಾದಲ್ಲಿ ಮನೆ ವೈರಿಂಗ್ ಕೆಂಪು-ಕಪ್ಪು ಅಂತ ಊರಿನ ಹಾಗೇ ಕಂಡರೂ, ಮೂರು-ಫೇಸಿನಲ್ಲಿ ಕೆಂಪು, ಬಿಳಿ, ನೀಲಿ ಬಳಸೋ ರೂಢಿ ಇದೆ. ಅಮೆರಿಕದ ನ್ಯೂಟ್ರಲ್ ಬಿಳಿ ಅಲ್ಲಿ ಫೇಸ್!

ಸರಿ, ಇರೋ ದೇಶದ ಪಟ್ಟಿ ಬಾಯಿಪಾಠ ಮಾಡಿದರೆ ಸಾಕಾ? ಸಾಲದು. ಅಮೆರಿಕದ ಹಳೇ ಮನೆಗಳಲ್ಲಿ ಎರಡೆಳೆಯ ಕೇಬಲ್ಲನ್ನು ಸ್ವಿಚ್‌ವರೆಗೆ ಎಳೆದಾಗ ಕಪ್ಪು-ಬಿಳಿ ಎರಡೂ ಫೇಸ್ ಸರ್ಕೀಟಿಗೇ ಸೇರಿರುತ್ತೆ. ಅಲ್ಲಿ ಬಿಳಿಗೆ ಬೇರೆ ಬಣ್ಣದ ಟೇಪ್ ಸುತ್ತಿ ಗುರುತು ಮಾಡಬೇಕು, ಎಷ್ಟೋ ಕಡೆ ಮಾಡಿರಲ್ಲ. ಇನ್ನು ನ್ಯೂಟ್ರಲ್ ಎಲ್ಲೋ ಮಧ್ಯೆ ತುಂಡಾಗಿದ್ದರೆ, ಸ್ವಿಚ್ ಆನ್ ಇರೋ ಬಲ್ಬಿನ ಮೂಲಕ ಫೇಸ್ ದಾಟಿ ಆ ನ್ಯೂಟ್ರಲ್ ತುಂಡಿಗೂ ಬಂದಿರುತ್ತೆ. ಬಣ್ಣ ನೂರಕ್ಕೆ ನೂರು ಸರಿ, ಮುಟ್ಟಿದರೆ ಶಾಕ್.

ಅದಕ್ಕೇ ಕಸುಬು ಬಲ್ಲವರು ಮೊದಲು ಬ್ರೇಕರ್ ಇಳಿಸಿ, ಯಾರೂ ಮತ್ತೆ ಏರಿಸದ ಹಾಗೆ ಮಾಡಿ, ಆಮೇಲೆ ಮೂರು ಹೆಜ್ಜೆಯಲ್ಲಿ ಪರೀಕ್ಷಿಸ್ತಾರೆ. ಮೀಟರನ್ನು ಮೊದಲು ಕರೆಂಟ್ ಇರೋದು ಖಚಿತವಿರೋ ಇನ್ನೊಂದು ಸಾಕೆಟ್‌ನಲ್ಲಿ ನೋಡ್ತಾರೆ. ನಂತರ ಕೆಲಸದ ಜಾಗದಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ಥಿಂಗ್, ನ್ಯೂಟ್ರಲ್-ಅರ್ಥಿಂಗ್ ಮೂರನ್ನೂ ಅಳೀತಾರೆ. ಕೊನೆಗೆ ಮತ್ತೆ ಆ ಮೊದಲ ಸಾಕೆಟ್‌ಗೆ ಹೋಗಿ, ಮೀಟರ್ ನಡುವೆ ಕೈಕೊಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ತಾರೆ. ಊರಿನ ಸ್ಕ್ರೂಡ್ರೈವರ್ ಟೆಸ್ಟರ್ ಇದಕ್ಕೆ ಸಾಲದು. ಅದರ ದೀಪ ಹತ್ತೋದು ನಮ್ಮ ಮೈ ಮೂಲಕ ಹರಿಯೋ ಒಂದು ಸಣ್ಣ ಕರೆಂಟಿನಿಂದ. ಒಣ ಮರದ ಏಣಿ ಮೇಲೆ ನಿಂತಾಗ ಅದು ಮಂಕಾಗಬಹುದು, ಬಿಸಿಲಿನಲ್ಲಿ ಕಾಣದೇ ಹೋಗಬಹುದು. ಹತ್ತಲಿಲ್ಲ ಅಂದ ಮಾತ್ರಕ್ಕೆ ಕರೆಂಟ್ ಇಲ್ಲ ಅಂತಲ್ಲ.

ಇನ್ನೊಂದು ಮಾತು. ಆಸ್ಟ್ರೇಲಿಯಾದಲ್ಲಿ ಲೈಸೆನ್ಸ್ ಇಲ್ಲದೆ ಮನೆಯ ವೈರಿಂಗ್ ಮುಟ್ಟೋದು ಕಾನೂನಿಗೇ ವಿರುದ್ಧ. ಅಲ್ಲಿನ ಕೇಳುಗರು ಇದನ್ನೆಲ್ಲ ಕೇಳಿ ತಿಳ್ಕೊಳ್ಳಿ, ಸ್ಕ್ರೂಡ್ರೈವರ್ ಮಾತ್ರ ಎಲೆಕ್ಟ್ರಿಷಿಯನ್ ಕೈಲಿರಲಿ.