ಗ್ರಂಥಾಲಯಕ್ಕೆ ಹೊರಡುವ ಮುನ್ನ ಒಂದು ಪ್ರಶ್ನೆ

‘ಕೃಷ್ಣರಾಜಸಾಗರದ ಬಗ್ಗೆ ಪ್ರಾಜೆಕ್ಟ್ ಮಾಡಿಕೊಂಡು ಬನ್ನಿ’ ಎಂದರೆ ಮಕ್ಕಳು ಮಾಡುವುದೇನು? ಚಾರ್ಟ್ ಪೇಪರ್ ತಂದು, ಮೊಬೈಲಿನಲ್ಲಿ ಸಿಕ್ಕ ನಾಲ್ಕು ಪ್ಯಾರಾ ಇಳಿಸಿ, ಅಣೆಕಟ್ಟಿನ ಚಿತ್ರ ಅಂಟಿಸುತ್ತಾರೆ. ಅದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ಹುಡುಕಲು ಅವರಿಗೆ ಏನನ್ನೂ ಕೊಟ್ಟಿರುವುದಿಲ್ಲ.

ಆದ್ದರಿಂದ ಮೊದಲ ಪಾಠ ತರಗತಿಯಲ್ಲೇ ನಡೆಯಲಿ. ಪ್ರತಿ ಮಗುವೂ ಒಂದು ಪ್ರಶ್ನೆ ಬರೆದುಕೊಳ್ಳಲಿ. ಇಷ್ಟು ದೊಡ್ಡ ಕಟ್ಟೆಗೆ ಸಿಮೆಂಟಿನ ಬದಲು ಸುರ್ಕಿ ಗಾರೆ ಬಳಸಿದ್ದೇಕೆ? ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಕನ್ನಂಬಾಡಿ ಊರಿನ ಜನ ಎಲ್ಲಿಗೆ ಹೋದರು? ಇಂಥ ಪ್ರಶ್ನೆ ಕೈಯಲ್ಲಿದ್ದರೆ ಯಾವ ಪುಟ ಓದಬೇಕು, ಯಾವುದನ್ನು ಬಿಡಬೇಕು ಎಂಬುದು ಮಗುವಿಗೇ ತಿಳಿಯುತ್ತದೆ.

ಮುಂದಿನದು ಹುಡುಕು ಪದಗಳು. ಕನ್ನಂಬಾಡಿ, ಕೆಆರ್‌ಎಸ್, ಕಾವೇರಿ, ವಿಶ್ವೇಶ್ವರಯ್ಯ, ನೀರಾವರಿ, ಹೀಗೆ ಐದಾರು ಪದ ಪಟ್ಟಿ ಮಾಡಿಸಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟಗಳಲ್ಲಿದೆ. ಅದರಲ್ಲಿ ಹುಡುಕಲು ಕಾಗುಣಿತದ ಕ್ರಮ ಬಾಯಿಗೆ ಬರಬೇಕು. ‘ಕೃ’ ಇರುವುದು ‘ಕೂ’ ಆದ ಮೇಲೆ, ‘ಕೆ’ಗಿಂತ ಮೊದಲು. ಮೇಲಿನ ತರಗತಿಯ ಮಕ್ಕಳೂ ಇಲ್ಲಿ ತಡವರಿಸುವುದುಂಟು. ಹತ್ತು ನಿಮಿಷದ ಆಟವಾಗಿ ಇದನ್ನು ಆಡಿಸಬಹುದು.

ಕಪಾಟಿನ ಬಳಿ ಮಕ್ಕಳಿಗೆ ಅಚ್ಚರಿ ಕಾದಿದೆ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಜೋಡಿಸಿದ ಗ್ರಂಥಾಲಯದಲ್ಲಿ ಅಣೆಕಟ್ಟಿನ ಎಂಜಿನಿಯರಿಂಗ್ 627ರಲ್ಲಿ, ಬೇಸಾಯ 630ರಲ್ಲಿ, ಭಾರತದ ಇತಿಹಾಸ 954ರಲ್ಲಿ ಇರುತ್ತದೆ. ಒಂದೇ ಅಣೆಕಟ್ಟಿಗೆ ಮೂರು ಕಡೆ ಓಡಾಟ! ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಈ ಅಂಕಿಗಳು ಇಲ್ಲದಿದ್ದರೆ ಮೇಲ್ವಿಚಾರಕರನ್ನು ಕೇಳಲಿ. ಸಂಕೋಚವಿಲ್ಲದೆ ಕೇಳುವುದನ್ನೂ ಕಲಿಸಬೇಕು. ಪುಸ್ತಕ ಸಿಕ್ಕಿತೆಂದು ಮೊದಲ ಪುಟದಿಂದ ಓದಬೇಕಿಲ್ಲ. ಮುಂದಿನ ಪರಿವಿಡಿ, ಹಿಂದಿನ ಪದಸೂಚಿ ನೋಡಿದರೆ ಬೇಕಾದ ಪುಟ ಸಿಗುತ್ತದೆ.

ಓದಿದ ಮೇಲೆ ಪುಸ್ತಕ ಮುಚ್ಚಿ ಒಂದು ಚೀಟಿಯಲ್ಲಿ ಬರೆಯಲಿ. ನಕಲು ತಪ್ಪಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಚೀಟಿಯ ಮೂಲೆಯಲ್ಲಿ ಪುಸ್ತಕ, ಲೇಖಕ, ಪ್ರಕಟವಾದ ವರ್ಷ, ಪುಟಸಂಖ್ಯೆ ಇರಲೇಬೇಕು.

ಅತ್ಯಂತ ಮುಖ್ಯವಾದದ್ದು ತಾಳೆ ನೋಡುವುದು. ಕನ್ನಂಬಾಡಿ ಅಣೆಕಟ್ಟು, ಅಂದರೆ ಕೃಷ್ಣರಾಜಸಾಗರ, ಕಟ್ಟಿದವರು ಯಾರು ಎಂದು ಹುಡುಕಿದರೆ ಒಂದು ಕಡೆ ವಿಶ್ವೇಶ್ವರಯ್ಯನವರ ಹೆಸರು, ಇನ್ನೊಂದು ಕಡೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಸಿಗುತ್ತದೆ. ಟಿಪ್ಪು ಕಾಲದ, 1794ರ ಪರ್ಷಿಯನ್ ಶಾಸನದ ಉಲ್ಲೇಖವೂ ಬರುತ್ತದೆ. ಮಗು ಗೊಂದಲಪಟ್ಟರೆ ಶಿಕ್ಷಕರು ಉತ್ತರ ಹೇಳಿಬಿಡಬಾರದು. ಯೋಜನೆ ಯಾರದು, ಹಣ ಯಾರು ಕೊಟ್ಟರು, ಕಲ್ಲು ಹೊತ್ತವರು ಯಾರು ಎಂದು ಪ್ರಶ್ನೆಯನ್ನು ಒಡೆದು ಮತ್ತೆ ಹುಡುಕಿಸಬೇಕು. ವಿಶ್ವೇಶ್ವರಯ್ಯನವರ ಆತ್ಮಕಥನ 1951ರಲ್ಲಿ ಬಂತು. ಅದು ಕೆಲಸ ಮಾಡಿಸಿದವರ ಮಾತು. ಊರು ಬಿಟ್ಟವರ ಕಥೆಗೆ ಬೇರೆ ಪುಸ್ತಕ ಬೇಕು, ಆ ಕಡೆಯ ಹಿರಿಯರನ್ನೂ ಮಾತನಾಡಿಸಬೇಕು.

ಕೊನೆಗೆ ಒಬ್ಬರ ವರದಿಯನ್ನು ಇನ್ನೊಬ್ಬರಿಗೆ ಕೊಡಿ. ಚೀಟಿಯಲ್ಲಿರುವ ಪುಟ ತೆಗೆದು, ಬರೆದದ್ದು ಅಲ್ಲಿದೆಯೇ ಎಂದು ಆ ಮಗು ನೋಡಲಿ. ಸಿಗದಿದ್ದರೆ ಇಬ್ಬರೂ ಒಟ್ಟಿಗೆ ಕಪಾಟಿಗೆ ಮರಳಲಿ.