ಮಗನ ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಸಿಕ್ಕರೆ

ಬನಶಂಕರಿ ಜಾತ್ರೆ ಬಂತೆಂದರೆ ಬಾದಾಮಿ ಸುತ್ತಲಿನ ಹುಡುಗರಿಗೆ ರಾತ್ರಿ ನಾಟಕ, ಗೆಳೆಯರ ಜೊತೆ ತಿರುಗಾಟ. ಮೊದಲ ಸಿಗರೇಟು ಕೈಗೆ ಬರುವುದು ಇಂಥ ಹೊತ್ತಿನಲ್ಲೇ, ಬಹುಪಾಲು ಗೆಳೆಯನ ಕೈಯಿಂದಲೇ. ಮರುದಿನ ಬಟ್ಟೆ ಒಗೆಯುವಾಗ ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಸಿಕ್ಕರೆ ಕೆಲವು ಮನೆಗಳಲ್ಲಿ ಹೊಡೆತ ಬೀಳುತ್ತದೆ, ಕೆಲವು ಮನೆಗಳಲ್ಲಿ ‘ಗಂಡು ಹುಡುಗ, ಒಮ್ಮೆ ಸೇದಿದರೆ ಏನಾದೀತು’ ಎಂದು ಸುಮ್ಮನಾಗುತ್ತಾರೆ. ಎರಡರಿಂದಲೂ ಉಪಯೋಗವಿಲ್ಲ.

ಮೊದಲು, ತಲೆಯೊಳಗೆ ಏನಾಗುತ್ತದೆ ತಿಳಿಯಿರಿ. ಹೊಗೆಯಲ್ಲಿರುವ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಅಲ್ಲಿನ ಗ್ರಾಹಕಗಳಿಗೆ ಅಂಟಿಕೊಂಡು ಡೋಪಮೈನ್ ಹೊರಡಿಸುತ್ತದೆ, ಹಿತವೆನಿಸುವುದು ಅದರಿಂದ. ಮತ್ತೆ ಮತ್ತೆ ಸೇದಿದರೆ ಈ ಗ್ರಾಹಕಗಳೇ ಹೆಚ್ಚುತ್ತವೆ, ನಿಕೋಟಿನ್ ಸಿಗದಾಗ ಚಡಪಡಿಕೆ ಶುರುವಾಗುತ್ತದೆ. ಹದಿನೈದರ ವಯಸ್ಸಿನಲ್ಲಿ ಖುಷಿ ಬೇಡುವ ಭಾಗ ಚುರುಕಾಗಿರುತ್ತದೆ. ‘ಬೇಡ’ ಎನ್ನಬೇಕಾದ, ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಈ ವಯಸ್ಸಿನಲ್ಲಿ ನಿಕೋಟಿನ್ ಹೊಕ್ಕರೆ ಗಮನ, ಕಲಿಕೆ, ಸಿಟ್ಟಿನ ಹತೋಟಿಗೆ ಪೆಟ್ಟು ಬೀಳುವುದು ಅದಕ್ಕೇ. ಇಳಕಲ್ಲಿನ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಾಸಿನಲ್ಲಿ ತಪ್ಪಿದ ಎಳೆ ಸೀರೆಯುದ್ದಕ್ಕೂ ಕಾಣುತ್ತದೆ. ದಿನಾ ಸೇದುವ ಹಂತಕ್ಕೆ ಹೋಗುವ ಮೊದಲೇ, ಅಪರೂಪಕ್ಕೊಮ್ಮೆ ಸೇದುವ ಕೆಲವು ಮಕ್ಕಳಲ್ಲೂ ವಾರಗಳೊಳಗೆ ಚಟದ ಲಕ್ಷಣಗಳು ಕಾಣಿಸುತ್ತವೆ.

2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 13–15 ವಯಸ್ಸಿನ ವಿದ್ಯಾರ್ಥಿಗಳಲ್ಲಿ ಶೇ 8.5ರಷ್ಟು ಮಂದಿ ತಂಬಾಕು ಬಳಸುತ್ತಾರೆ. ಹಾಗಾಗಿ ಈ ಮಾತು ಹತ್ತನೇ ತರಗತಿಗೆ ಕಾಯಬಾರದು, ಐದನೆಯದರಲ್ಲೇ ಶುರುವಾಗಲಿ.

ಎರಡನೆಯದು, ಮಾತು. ಸಿಕ್ಕಿಬಿದ್ದ ರಾತ್ರಿಯೇ ಬೇಡ, ಸಿಟ್ಟು ಇಳಿಯಲಿ. ‘ಯಾರ್ ಕೊಟ್ರು ಅಂತ ಕೇಳೂದಿಲ್ಲ. ಯಾವಾಗ ಸೇದಬೇಕು ಅನ್ನಸ್ತದ, ಅದನ್ನಷ್ಟ ಹೇಳು’ ಎಂದರೆ ಬಾಯಿ ಬಿಟ್ಟಾನು. ಅರವತ್ತಕ್ಕೆ ಬರುವ ಕ್ಯಾನ್ಸರ್ ಅವನ ಕಿವಿಗೆ ಬೀಳುವುದಿಲ್ಲ. ಸೇನಾ ಭರ್ತಿಯ 1600 ಮೀಟರ್ ಓಟ, ಗರಡಿಮನೆಯ ಸಾಮು, ಬಾದಾಮಿಯ ಕೆಂಪು ಬಂಡೆ ಹತ್ತುವಾಗಿನ ದಮ್ಮು ಬೀಳುತ್ತದೆ. ‘ಸೇದಿದರೆ ಟೆನ್ಶನ್ ಇಳಿಯುತ್ತದೆ’ ಎನ್ನುತ್ತಾನೆ. ಹಿಂದಿನ ಸಿಗರೇಟು ಹುಟ್ಟಿಸಿದ ಚಡಪಡಿಕೆಯನ್ನೇ ಮುಂದಿನದು ಇಳಿಸುತ್ತದೆ ಅಷ್ಟೆ ಎಂದು ತಿಳಿಹೇಳಿ. ಅಪ್ಪ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿಕೊಂಡೇ ಈ ಬುದ್ಧಿ ಹೇಳಿದರೆ ಹುಡುಗ ನಗದೆ ಇನ್ನೇನು ಮಾಡಿಯಾನು?

ಮೂರನೆಯದು, ಬಿಡುವ ದಿನ. ಪರೀಕ್ಷೆಯ ವಾರ ಬಿಟ್ಟು ಅವನೇ ದಿನ ಗೊತ್ತುಮಾಡಲಿ. ಮೊದಲ ಮೂರು ದಿನ ಕಠಿಣ. ಸಿಡಿಮಿಡಿ, ತಲೆನೋವು, ನಿದ್ದೆಗೇಡು ಎರಡರಿಂದ ನಾಲ್ಕು ವಾರ ಇರಬಹುದು. ಸೇದಬೇಕೆನ್ನುವ ಒಂದೊಂದು ತುಡಿತ ಕೆಲವೇ ನಿಮಿಷದ್ದು. ನೀರು ಕುಡಿಯಲಿ, ನಾಲ್ಕು ಹೆಜ್ಜೆ ತಿರುಗಾಡಲಿ, ಶೇಂಗಾ ಇಲ್ಲವೇ ಬಡೇಸೋಪು ಬಾಯಿಗೆ ಹಾಕಿಕೊಳ್ಳಲಿ. ಗುಟ್ಕಾಕ್ಕೆ ಜಿಗಿದರೆ ಬಿಟ್ಟಂತಾಗಲಿಲ್ಲ, ಅದರಲ್ಲೂ ನಿಕೋಟಿನ್ ಇದೆ. ಇ-ಸಿಗರೇಟೂ ಅದೇ ಸರಕು, 2019ರಿಂದ ದೇಶದಲ್ಲೇ ನಿಷಿದ್ಧ. ಔಷಧದಂಗಡಿಯ ನಿಕೋಟಿನ್ ಚೂಯಿಂಗ್‌ಗಮ್ಮನ್ನು 18 ತುಂಬದವರಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ನಡುವೆ ಒಮ್ಮೆ ಸೇದಿಬಿಟ್ಟರೆ ಹಂಗಿಸದೆ ಮರುದಿನದಿಂದ ಮತ್ತೆ ಶುರುಮಾಡಿಸಿ.

ನೆರವು ಎಲ್ಲಿ? ತಂಬಾಕು ಬಿಡಿಸುವ ಉಚಿತ ಸಹಾಯವಾಣಿ 1800-112-356; ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೂ ಮಾತಾಡಬಹುದು. ಮಂಕು, ಆತಂಕ ಹೆಚ್ಚಾದರೆ ಟೆಲಿ ಮನಸ್ 14416. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಇರುವುದೇ ಹದಿಹರೆಯದವರಿಗಾಗಿ.

ಕೊನೆಗೆ, ಅಂಗಡಿ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಂಬಾಕು ನಿಯಂತ್ರಣ ತಿದ್ದುಪಡಿ ಕಾಯ್ದೆಯಂತೆ 21 ವರ್ಷದೊಳಗಿನವರಿಗಾಗಲಿ, ಶಾಲೆ–ಕಾಲೇಜಿನಿಂದ 100 ಮೀಟರ್ ಒಳಗಾಗಲಿ ಸಿಗರೇಟು ಮಾರುವಂತಿಲ್ಲ; ಒಂದೊಂದಾಗಿ ಬಿಡಿಯಾಗಿಯೂ ಮಾರುವಂತಿಲ್ಲ. ಹುಡುಗರ ಕಿಸೆಗೆ ಎಟಕುವುದು ಒಂದು ಸಿಗರೇಟಿನ ಬೆಲೆಯೇ ಆದ್ದರಿಂದ ಈ ಕೊನೆಯ ನಿಯಮವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಪಾನ್ ಅಂಗಡಿಯವರು ಪರಿಚಯದವರೇ ಆಗಿರುತ್ತಾರೆ, ಮೊದಲು ನೀವೇ ಹೋಗಿ ಹೇಳಿ. ಕೇಳದಿದ್ದರೆ ಶಾಲೆಯ ಮುಖ್ಯ ಶಿಕ್ಷಕರನ್ನು ಜೊತೆಗೆ ಕರೆದುಕೊಂಡು ಪೊಲೀಸ್ ಠಾಣೆಗೆ ದೂರು ಕೊಡಿ.