ಕ್ರೈಸ್ತ ಸಭಾ ಪರಂಪರೆ: ಕರ್ನಾಟಕಕ್ಕೆ ಬೇಕಾದಷ್ಟು

1. ಕಾಲಾನುಕ್ರಮ: ನೈಸಿಯಾ ಮಹಾಸಭೆ 325, ಪೂರ್ವ-ಪಶ್ಚಿಮ ಸಭೆಗಳ ಒಡಕು 1054, ಲೂಥರ್‌ನ 95 ವಾದಗಳು 1517. ಬಾಯಿಪಾಠ ಸಾಕು.

2. ಸಂಸ್ಕಾರಗಳು: ಕೆಥೋಲಿಕರಿಗೆ 7. ಪ್ರಾಟೆಸ್ಟೆಂಟರಲ್ಲಿ ಸಾಮಾನ್ಯವಾಗಿ 2: ದೀಕ್ಷಾಸ್ನಾನ, ಪವಿತ್ರ ಭೋಜನ. ಕೆಥೋಲಿಕರು 'ಬಲಿಪೂಜೆ' ಎಂದರೆ ಪ್ರಾಟೆಸ್ಟೆಂಟರು 'ಆರಾಧನೆ' ಎನ್ನುತ್ತಾರೆ.

3. ಬಾಸೆಲ್ ಮಿಷನ್: ಸ್ವಿಟ್ಜರ್ಲೆಂಡ್ ಮೂಲ, ಮಂಗಳೂರಿಗೆ 1834. ಲೂಥರನ್ ಮತ್ತು ರಿಫಾರ್ಮ್ಡ್ ಎರಡೂ ಪಂಥದವರು ಇದರಲ್ಲಿದ್ದರು. ಹೆಂಚು, ನೇಯ್ಗೆ, ಮುದ್ರಣಾಲಯ ಇದರ ಗುರುತು.

ಗೊಂದಲ ಬೇಡ: 'ಮಂಗಳೂರ ಸಮಾಚಾರ' ಪತ್ರಿಕೆ (1 ಜುಲೈ 1843) ಮೋಗ್ಲಿಂಗ್‌ದು, ಕನ್ನಡ-ಇಂಗ್ಲಿಷ್ ನಿಘಂಟು (1894) ಕಿಟೆಲ್‌ದು. ಇಬ್ಬರೂ ಜರ್ಮನ್ನರು, ಇಬ್ಬರೂ ಬಾಸೆಲ್ ಮಿಷನ್‌ನವರು. ಅದಕ್ಕೇ ಪರೀಕ್ಷೆಯ ಆಯ್ಕೆಗಳಲ್ಲಿ ಜೊತೆಜೊತೆಗೆ ಕೊಟ್ಟು ಬೀಳಿಸುತ್ತಾರೆ. ಕಿಟೆಲ್ ಭಾರತಕ್ಕೆ ಬಂದದ್ದೇ 1853ರಲ್ಲಿ; ಪತ್ರಿಕೆ ಹುಟ್ಟಿದಾಗ ಅವನಿಗೆ 11 ವರ್ಷ. ಇಷ್ಟು ನೆನಪಿದ್ದರೆ ತಪ್ಪುವುದಿಲ್ಲ.

4. ಸಿಎಸ್‌ಐ (ದಕ್ಷಿಣ ಭಾರತ ಸಭೆ): 27 ಸೆಪ್ಟೆಂಬರ್ 1947, ಮದ್ರಾಸ್. ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳ ಐಕ್ಯ. ಕೆಥೋಲಿಕರು ಇದರಲ್ಲಿಲ್ಲ.

5. ನಮ್ಮ ಜಿಲ್ಲೆ (ದಾವಣಗೆರೆ): ಹರಿಹರದ ಆರೋಗ್ಯ ಮಾತೆಯ ದೇವಾಲಯ, ಹಬ್ಬ ಸೆಪ್ಟೆಂಬರ್ 8. ನಲ್ಲೂರು, ಚನ್ನಗಿರಿ ಕಡೆಯವರು ದಾವಣಗೆರೆ ಜಿಲ್ಲೆಯವರಾದರೂ ಕೆಥೋಲಿಕ್ ಲೆಕ್ಕದಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ (1988) ಸೇರುತ್ತಾರೆ.

ಮತ್ತೊಂದು ಬಲೆ: ಬೆಸಿಲಿಕಾ ಎಂಬುದು ಪೋಪ್ ಕೊಡುವ ಗೌರವ (ಹರಿಹರ), ಕೆಥೆಡ್ರಲ್ ಎಂದರೆ ಬಿಷಪರ ಪೀಠವಿರುವ ಚರ್ಚು (ಶಿವಮೊಗ್ಗದ ಸೇಕ್ರೆಡ್ ಹಾರ್ಟ್).